ಗುಡಿಸದೆ ಬಿಟ್ಟ ಜಾಗ

ನಗೋದಿದ್ರೆ ಈಗ್ಲೇ ನಕ್ಕುಬಿಡಿ. ಆಮೇಲೆ ಮಧ್ಯೆ ಬಾಯಿ ಹಾಕ್ಬೇಡಿ. ಇದು ನಮ್ಮ ದೊಡ್ಡಪ್ಪನ ಮಗಳಿಗೆ ಆದದ್ದು. ಹಳೇ ಕಾಲದವರು ಬದುಕಿದ್ದ ಜಾಗ ಅಗೆದು ನೋಡೋದು ಅವಳ ಕೆಲಸ, ಅದಕ್ಕೇ ನಾವು ಮಣ್ಣಕ್ಕ ಅಂತೀವಿ. ಎಂಟು ವರ್ಷದಿಂದ ಬಾಡಿಗೆ ರೂಮಲ್ಲಿ ಒಬ್ಬಳೇ.

ಒಂದು ಸಲ ಕಲ್ಲು ಕ್ವಾರಿಯಲ್ಲಿ ಹಳೇ ಗೋರಿ ಸಿಕ್ತು ಅಂತ ನೋಡೋಕೆ ಹೋಗಿದ್ದಳು, ಕೆಂಪು ಜಂಬಿಟ್ಟಿಗೆ ಬಂಡೆ ಕೊರೆದು ಮಾಡಿದ್ದು. ಒಳಗೆ ಒಂದು ಮೂಳೆ ಇಲ್ಲ, ಹಲ್ಲಿಲ್ಲ. ಆ ಮಣ್ಣು ಎಲ್ಲಾನೂ ತಿಂದುಹಾಕತ್ತೆ, ಅವಳಿಗೆ ಗೊತ್ತು. ನೆಲದಲ್ಲಿ ಯಾರೋ ಮಂಡಿ ಮಡಚಿ ಮಲಗಿದ ಹಾಗೆ ಒಂದು ಕಪ್ಪು ಕಲೆ, ಅಷ್ಟೇ. ಜೊತೆಯವರೆಲ್ಲ ಹೊರಟುಹೋಗಿದ್ರು. ಇವಳಿಗೆ ಸುಸ್ತು. ರಿಜಿಸ್ಟರಲ್ಲಿ ‘ಖಾಲಿ, ಯಾರೂ ಇಲ್ಲ’ ಅಂತ ಬರೆದುಬಿಟ್ಟಳು. ಹಾಗೆ ಬರೆದ್ರೆ ಬೆಳಗ್ಗೆ ಕಲ್ಲು ಕುಯ್ಯೋ ಮಿಷನ್ ಬಂದು ಗೋರಿ ಸಮೇತ ಕತ್ತರಿಸಿ ಹಾಕತ್ತೆ.

ಕತ್ತಲಲ್ಲಿ ರೂಮಿಗೆ ಹೊರಟಳು. ಹಾಳು ಬಾವಿ ಹತ್ರ ಬಂದಾಗ... ಸರಕ್... ಸರಕ್... ನೀರಲ್ಲ, ಎಲೆಯೂ ಅಲ್ಲ. ಒರಟು ಕಲ್ಲಿನ ಮೇಲೆ ಬ್ರಷ್ ಆಡಿಸೋ ಸದ್ದು. ಚೀಲ ತಡಕಿದಳು. ಅವಳ ಬ್ರಷ್ ಇರಲಿಲ್ಲ.

ಬೆನ್ನ ಹಿಂದೇನೇ ಪಿಸುಮಾತು.

“ಯಾರೂ ಇಲ್ಲ ಅಂತ ಬರೆದ್ಯಾ?”

“ಮೂಳೆ... ಸಿಗ್ಲಿಲ್ಲ.”

“ಮಲಗಿದ್ದ ಗುರುತು ಕಾಣ್ಲಿಲ್ವಾ?”

“ಕಾಣ್ತು...”

“ನೀನೂ ಒಬ್ಬಳೇ ಅಲ್ವಾ...”

ಸದ್ದು ನಿಂತಿತು. ಹೆದರಿಕೆಗಿಂತ ಅಳು ಬಂತಂತೆ ಅವಳಿಗೆ. ಅಷ್ಟು ವರ್ಷದಲ್ಲಿ ಆ ಮಾತು ಅವಳನ್ನ ಕೇಳಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ ಕಣ್ರಪ್ಪಾ. ನಾನೂ ಕೇಳಿರಲಿಲ್ಲ.

ರೂಮಿಗೆ ಓಡಿದಳು, ಚಿಲಕ ಹಾಕಿದಳು. ಚೀಲದಿಂದ ರಿಜಿಸ್ಟರ್ ತೆಗೆದು ‘ಖಾಲಿ’ ಹೊಡೆದುಹಾಕಿ ‘ಒಬ್ಬರು ಮಲಗಿದ ಗುರುತು ಇದೆ’ ಅಂತ ಬರೆದು, ಸಾಹೇಬರಿಗೆ ಆಗಲೇ ಫೋನ್ ಮಾಡಿದಳು. ಬಯ್ಗುಳ ತಿಂದಳು. ಮಿಷನ್ ಬರೋದು ನಿಂತಿತು.

ಬೆಳಗ್ಗೆ ಎದ್ದರೆ ಹಾಕಿದ ಚಿಲಕ ಹಾಗೇ ಇದೆ. ಚಾಪೆ ಪಕ್ಕದಲ್ಲಿ ಕೆಂಪು ಧೂಳು... ಮಂಡಿ ಮಡಚಿ ಮಲಗಿದ ಒಬ್ಬರ ಆಕಾರ. ಅದರ ಸುತ್ತ ಚೊಕ್ಕಟವಾಗಿ ಗುಡಿಸಿತ್ತು. ತಲೆ ಹತ್ರ ಅವಳ ಬ್ರಷ್.

ಸುಳ್ಳು ಹೇಳಿ ನನಗೇನಾಗ್ಬೇಕು? ಹೋದ ತಿಂಗಳು ಅವಳ ರೂಮಿಗೆ ಹೋಗಿದ್ದೆ. ಚಾಪೆ ಪಕ್ಕ ಆ ಕೆಂಪು ಧೂಳು ಹಾಗೇ ಇರೋದು ನೋಡಿ ಪೊರಕೆ ಎತ್ತಿಕೊಂಡೆ. ಕೈ ಹಿಡಿದಳು.

“ಅಷ್ಟು ಬಿಡೋ,” ಅಂದಳು ಮೆಲ್ಲಗೆ.

ದಿನಾ ಸುತ್ತ ಗುಡಿಸ್ತಾಳಂತೆ, ಅಷ್ಟು ಬಿಟ್ಟು. ನನ್ನ ಜೊತೆ ಹೊರಟವಳು ಬೀಗ ಹಾಕೋ ಮುಂಚೆ ಒಳಗೆ ತಿರುಗಿ “ಹೋಗ್ಬರ್ತೀನಿ” ಅಂದಳು. ನನ್ನ ಕಿವಿಯಾರೆ ಕೇಳಿದ್ದೀನಿ.