ಬಾರದ ಕೆಮ್ಮು

ಕ್ಷಯದ ಆಸ್ಪತ್ರೆಯ ಅಂಗಳದಲ್ಲಿ ಎಕ್ಸ್‌ರೇಗಾಗಿ ಕಾಯುತ್ತಿದ್ದ ಅಜ್ಜಿಯ ಪಕ್ಕದ ಬೆಂಚಿನಲ್ಲಿ ಒಬ್ಬ ಬಡಗಿ, ಅವನ ಹೆಂಡತಿ ಕುಳಿತಿದ್ದರು. ಬಡಗಿಯ ಕೈಯಲ್ಲಿ ಕಫದ ಡಬ್ಬಿ, ಖಾಲಿ. ಬೇಡವೆಂದರೂ ಅವರ ಮಾತು ಅಜ್ಜಿಯ ಕಿವಿಗೆ ಬೀಳುತ್ತಿತ್ತು.

“ಕೆಮ್ಮೋಕಾಗಲ್ವಾ? ಮೊದಲೆಲ್ಲ ಇಡೀ ಬೀದಿ ಎಬ್ಬಿಸ್ತಿದ್ರಿ!”

“ಮರಕ್ಕೆ ಕೀಸುಳಿ ಹಾಕಿದ ಹಾಗೆ ಗಂಟಲು ಕೆರೆದದ್ದೇ ಬಂತು ಕಣೇ.”

“ಆಗಲೇ ಉಗಿದ್ರಲ್ಲ?”

“ಅದು ಬರೀ ಎಂಜಲು, ನಡೆಯಲ್ಲ ಅಂದ್ರು ನರ್ಸಮ್ಮ. ಪರೀಕ್ಷೆಗೆ ಕಫ ಸಿಗಲಿಲ್ಲ ಅಂತ, ಈಗ ಕೊಡ್ತಿರೋ ಹೊಸ ಔಷಧಿಯ ಸಂಶೋಧನೆಯಿಂದ ನನ್ನ ಹೆಸರು ಹೊಡೆದುಹಾಕಿದ್ರೆ?”

“ಬಿಡ್ತು ಅನ್ನಿ! ಹಳೇ ಮಾತ್ರೆಗೆ ಈ ಕಾಯಿಲೆ ಬಗ್ಗಲಿಲ್ಲ. ಆಮೇಲೆ ಚುಚ್ಚಿದ ಸೂಜಿಮದ್ದು ಕಿವುಡು ಮಾಡಿ ನಿಮ್ಮ ಒಂದು ಕಿವೀನೇ ತಿಂದುಹಾಕ್ತು.”

“ನಿಂಗೆ ನೆಗಡಿ ಇದೆಯಲ್ಲ, ನೀನೇ ಒಂಚೂರು ಕೆಮ್ಮಿ ಕೊಡೇ.”

“ನನ್ನ ನೆಗಡಿ ನೋಡಿ ನಿಮ್ಮ ಕ್ಷಯಕ್ಕೆ ಔಷಧಿ ಕೊಡೋಕೆ ಅವರಿಗೇನು ತಲೆ ಕೆಟ್ಟಿದೆಯಾ?”

“ಗಂಡ ಹೆಂಡತಿ ಅಂದ್ಮೇಲೆ ಎಲ್ಲ ಒಂದೇ ಅಲ್ವಾ?”

“ಕಫ ಒಂದಲ್ಲ!”

ನರ್ಸಮ್ಮ ಬಾಗಿಲಿಗೆ ಬಂದರು. “ಇನ್ನೂ ಬಂದಿಲ್ವಾ?”

“ಇಲ್ಲಮ್ಮ. ತೆಗೆದುಹಾಕ್ಬೇಡಿ, ಕೈ ಮುಗೀತೀನಿ.”

“ಯಾರ್ರೀ ತೆಗೆಯೋರು? ಔಷಧಿ ಹಿಡಿದ್ರೆ ಕಫ ಕಮ್ಮಿ ಆಗೋದೇ. ಉಪ್ಪುನೀರಿನ ಹಬೆ ಕೊಟ್ಟು ತೆಗೀತೀವಿ, ಬನ್ನಿ.”

ಹೆಂಡತಿ ಹಣೆ ಚಚ್ಚಿಕೊಂಡಳು. “ಅಯ್ಯೋ, ಬೆಳಿಗ್ಗೆಯಿಂದ ಇವರಿಗೆ ಕೆಮ್ಮು ಕೊಡಪ್ಪಾ ಅಂತ ದೇವರನ್ನ ಬೇಡ್ತಿದ್ದೀನಲ್ಲಮ್ಮ!”

“ಬೇಗ ವಾಪಸ್ ತಗೊಳ್ಳೇ!” ಎಂದ ಬಡಗಿ.

ಇಬ್ಬರೂ ನಗುತ್ತ ಒಳಗೆ ಹೋದರು. ಇದೇ ಕಾಯಿಲೆಯಲ್ಲಿ ಮಗನನ್ನು ಕಳೆದುಕೊಂಡಿದ್ದ ಅಜ್ಜಿ, ಆ ಬೇಡಿಕೆಯನ್ನು ದೇವರು ನಡೆಸಿಕೊಡದೇ ಇದ್ದುದಕ್ಕೆ ಕುಳಿತಲ್ಲೇ ಕೈ ಮುಗಿದಳು.