ಬ್ಯಾನರಿನಲ್ಲಿ ವಾಸಿಯಾದ ಹುಣ್ಣು

ಅಧ್ಯಕ್ಷರೂ ಔಷಧ ಕಂಪನಿಯ ಮಾಲೀಕರೂ ಆದ ಮಾನ್ಯರೇ, ಹಲ್ಲಿನ ಡಾಕ್ಟರುಗಳೇ, ಊಟಕ್ಕೆ ಕಾಯುತ್ತಾ ನನ್ನನ್ನು ಸಹಿಸಿಕೊಂಡಿರುವ ಸಭಿಕರೇ,

ಇಂದು ನಿವೃತ್ತರಾಗುತ್ತಿರುವ ಪ್ರೊಫೆಸರರ ಹೆಂಡತಿ ನಾನು. ಬಾಯಿ ಹುಣ್ಣು ನನಗೆ ತವರಿನಿಂದ ಬಂದ ಬಳುವಳಿ. ಹುಣ್ಣು ಎದ್ದಾಗ ನಾನು ಮಾತಾಡುವುದಿಲ್ಲ. ಅಂಥ ನೆಮ್ಮದಿ ಕೆಡಿಸಲು ಔಷಧ ಹುಡುಕುವ ಗಂಡ ಎಲ್ಲಾದರೂ ಇದ್ದಾನೆಯೇ? ಇಗೋ, ಇಲ್ಲಿ ಕುಳಿತಿದ್ದಾರೆ.

ಮೊಟ್ಟೆಯ ಬಿಳಿಯಲ್ಲಿ ಲೈಸೋಜೈಮ್ ಎಂಬ ಕಿಣ್ವವಿದೆ, ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ನಮ್ಮ ಎಂಜಲಲ್ಲೂ ಇದೆ, ಬಿಟ್ಟಿಯಾಗಿ. ಅದರ ಚೀಪುವ ಮಾತ್ರೆಯನ್ನು ಕಂಪನಿ ಮಾಡಿತು, ಇವರು ಪರೀಕ್ಷಿಸಿದರು. ಅರ್ಧ ಜನಕ್ಕೆ ಅಸಲಿ ಮಾತ್ರೆ, ಉಳಿದವರಿಗೆ ಬರೀ ಸಕ್ಕರೆ, ಹಿಟ್ಟು. ಯಾರಿಗೆ ಯಾವುದೆಂದು ಕೊಡುವವರಿಗೂ ತಿಳಿಯಬಾರದು. ಹೆಂಡತಿಯನ್ನು ಸೇರಿಸುವುದಿಲ್ಲ ಎಂದರು. ನಾನು ಬಿಡಬೇಕಲ್ಲ!

ಚೀಪಿದೆ. ವಾರದಲ್ಲಿ ಹುಣ್ಣು ಮಾಯ. ಬೀದಿಯುದ್ದಕ್ಕೂ ಹೊಗಳಿದೆ. ಮಾಲೀಕರು ಫೋಟೋ ಕೇಳಿದರು, ಜಂಬದಿಂದ ನಿಂತೆ. ನನ್ನ ಬೆನ್ನ ಹಿಂದಿನ ಬ್ಯಾನರ್ ನೋಡಿ: "ಈ ಮಾತ್ರೆಯಿಂದಲೇ ನನ್ನ ಹುಣ್ಣು ವಾಸಿಯಾಯಿತು!" ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಆಮೇಲೆ ಗುಟ್ಟು ಬಿಚ್ಚಿದರು. ನಾನು ಚೀಪಿದ್ದು ಸಕ್ಕರೆ, ಹಿಟ್ಟು.

ಯಾರಾದರೂ ಅಧ್ಯಕ್ಷರಿಗೆ ನೀರು ಕೊಡಿ.

ನಾಚಿಕೆಯಿಂದ ಅತ್ತುಬಿಟ್ಟೆ. ಇವರು, "ಅಳ್ಬೇಡ ಬಿಡು. ನಿಂಗೆ ನೋವಿದ್ದಿದ್ದೂ ನಿಜ, ವಾಸಿಯಾಗಿದ್ದೂ ನಿಜ. ಇಂಥ ಹುಣ್ಣು ತಾನಾಗೇ ಮಾಗುತ್ತೆ. ಅದಕ್ಕೇ ಅಲ್ವಾ ಪರೀಕ್ಷೆ ಮಾಡೋದು?" ಎಂದರು. ಅಸಲಿ ಮಾತ್ರೆಯವರಿಗೆ ಉರಿ ತುಸು ಕಡಿಮೆಯಿತ್ತಂತೆ. ಹುಣ್ಣು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮಾಗಿತು. ಇನ್ನೂ ದೊಡ್ಡ ಪರೀಕ್ಷೆ ಬೇಕೆಂದು ಇವರು ವರದಿಯಲ್ಲಿ ಬರೆದರು. ಬ್ಯಾನರ್ ಇಳಿಸಿ ಎಂದು ನಾನು ಬೇಡಿಕೊಂಡೆ. ಮಾಲೀಕರು ಇನ್ನೂ ದೊಡ್ಡ ಬ್ಯಾನರ್ ಮಾಡಿಸಿದರು.

ನಾಳೆಯಿಂದ ಅದೇ ಕಂಪನಿಯಲ್ಲಿ ಇವರಿಗೆ ಸಲಹೆಗಾರರ ಕುರ್ಚಿ. ಈಗಷ್ಟೇ ಮೆಟ್ಟಿಲ ಬಳಿ ಮಾಲೀಕರು, "ಮೇಡಂ, ಬ್ಯಾನರಲ್ಲಿರೋದನ್ನೇ ಮೈಕಲ್ಲೂ ಒಂದ್ಸಲ ಹೇಳ್ಬಿಡಿ. ಸಾರ್ ನಮ್ಮೋರೇ ಅಲ್ವಾ?" ಎಂದರು. ಇವರತ್ತ ನೋಡಿದೆ. ಕನ್ನಡಕ ಒರೆಸಿಕೊಂಡರು. ಹೇಳು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆ ಕುರ್ಚಿ ಇವರಿಗೆ ಬೇಕು. ನನಗೆ ಇನ್ನೂ ಹೆಚ್ಚು ಬೇಕು; ದಿನವಿಡೀ ಮನೆಯಲ್ಲಿ ಕೂತು ಇವರು ನನ್ನ ತಲೆ ತಿಂದರೆ ಅದಕ್ಕೆ ಯಾವ ಕಂಪನಿಯ ಮಾತ್ರೆಯಿದೆ?

ಆದರೂ ಹೇಳುತ್ತೇನೆ: ಈ ಮಾತ್ರೆ ನನ್ನ ಹುಣ್ಣು ವಾಸಿ ಮಾಡಲಿಲ್ಲ. ಇದನ್ನು ನಾನು ಚೀಪಿಯೇ ಇಲ್ಲ.

ರೀ, ಕುರ್ಚಿ ಹೋಯಿತು. ಯಾಕೆ ನಗ್ತಿದ್ದೀರಿ? ಬೆಳಗಿನಿಂದ ಇಷ್ಟು ಹಾರ ಹಾಕಿದರೂ ಈ ಮನುಷ್ಯ ನಕ್ಕಿರಲಿಲ್ಲ.

ಕಿವಿಗೊಟ್ಟ ನಿಮಗೆಲ್ಲ ವಂದನೆ, ಮೈಕು ಆರಿಸದವರಿಗೆ ವಿಶೇಷ ವಂದನೆ. ನಮಸ್ಕಾರ.