ಖಾಲಿ ಪೈಪಿನ ಸೋರಿಕೆ

…ಅಲ್ಲೋ ಧರ್ಮಣ್ಣ, ಗುಂಡಿಗಿ ಒಂದೇ, ಅದನ್ನ ಹೊತ್ಕೊಂಡು ತಿರಗೋ ಈ ಹಸನಸಾಬನೂ ಒಬ್ಬನೇ. ರಮಜಾನಕ್ಕಿಂತ ಮೊದಲು ಕಲಬುರಗ್ಯಾಗ ಗುಂಡಿಗಿ ಸ್ಕ್ಯಾನಿಂಗ್, ಅದೇ ಎಕೋ, ಮಾಡಿ, ಕವಾಟ ಜೋರು ಸೋರಾಕತ್ತದ, ಆಪರೇಷನ್ ಆಗಲೇಬೇಕು ಅಂದ್ರು. ಇವತ್ತ ಈ ಜೇವರ್ಗಿ ಮಷೀನಿನಾಗ ಸೋರಿಕಿ ಸಣ್ಣದು ಬಂತು. ಯಾವುದು ಖರೆ ಅನ್ಲಿ?

ಯಾಕ ನಗಾಕತ್ತಿ? ನಿಂದೇನು ಹೋಗ್ತದ, ಎದಿ ಕೊಯ್ಯೋದು ನಂದು.

ಇರ್ಲಿ, ಚಾ ಅಲ್ಲೇ ಇಡು. ಬಿಸಿ ಅದ.

ದವಾಖಾನಿ ವರಾಂಡಾದಾಗ ನಿಂತು ಗೌಸಿಯಾಗ ಫೋನ್ ಹಚ್ಚಿದ್ನಲ್ಲ, ನೀನೇ ಕೇಳ್ದಿ. 'ಸಣ್ಣದಾಗ್ಯಾದಬೇ, ಕೊಯ್ಯೋದಿಲ್ಲ' ಅಂದೆ. ನನ್ನ ಹೇಣ್ತಿ ಫೋನಿನಾಗೇ ಅತ್ತುಬಿಟ್ಳು. ಅಷ್ಟರಾಗ ಆ ಡಾಕ್ಟರ ಹೊರಳಿ ಒಳಗ ಕರೆದ್ನೋ… ಎಲ್ಲಾ ಕೆಡಿಸಿಬಿಟ್ಟ. ನಾಲಿಗಿ ತೋರಸ್ರಿ ಅಂದ. ಬಿ.ಪಿ. ನೋಡ್ದ. 'ನಾಲಿಗಿ ಒಣಗ್ಯಾದ, ಬಿ.ಪಿ. ಇಳದದ. ಮೈಯಾಗ ನೀರು ಕಮ್ಮಿ ಆದ್ರ ಗುಂಡಿಗಿಗೆ ಬರೋ ರಕ್ತಾನೂ ಕಮ್ಮಿ, ಸೋರೋದೂ ಕಮ್ಮಿನೇ ಕಾಣ್ತದ. ಕವಾಟ ಸುಧಾರಿಸ್ಯಾದ ಅಂತಲ್ಲ. ಇದನ್ನ ನಂಬಿ ಆಪರೇಷನ್ ಬಿಟ್ರ ಗುಂಡಿಗಿ ಒಂದಿನ ಕೈ ಕೊಡ್ತದ. ಉಂಡು, ನೀರು ಕುಡಿದು ನಾಳೆ ಬರ್ರಿ, ತಿರುಗಿ ನೋಡ್ತೇನಿ' ಅಂದ.

ನಾಳೆ ಮತ್ತ ಮಣ್ಣೂರಿಂದ ಇಲ್ಲೀತನಕ ಬರಬೇಕು. ತಲಿ ಕೆಡ್ತದ ಇಲ್ಲೊ? ಮ್ಯಾಲ ಏನಂದ ಗೊತ್ತೇನು? 'ನೀವು ಪಂಪ್ ರಿಪೇರಿ ಮಾಡೋರಂತ. ಬಾವ್ಯಾಗ ನೀರು ತಳ ಕಂಡಾಗ ಪೈಪ್ ಸೋರವಲ್ದು ಅಂದ್ರ ಒಪ್ತೀರೇನು?' ನನಗೇ ಹೇಳ್ತಾನ! ಭೀಮಾ ಹೊಳಿ ದಂಡಿಗಿ ಎಷ್ಟು ಪಂಪ್ ಇಳಿಸೇನಿ ನಾ. ಪೂರಾ ನೀರು ಬಿಟ್ಟು ನೋಡ್ದೇ ಪೈಪ್ ಚಂದ ಅದ ಅಂತ ಒಬ್ಬ ರೈತಗೂ ಹೇಳಿದವನಲ್ಲ…

ಹಂಗ ನೋಡಬ್ಯಾಡ, ಕುಡೀತೇನಿ. ಈ ಹೋಟೆಲಿನವ ಸಕ್ರಿ ಭಾಳ ಹಾಕ್ಯಾನ. ಕುಡೀದೇ ಹ್ಯಾಂಗ ಗೊತ್ತಾಯ್ತು ಅಂತಿಯೇನು? ಬಣ್ಣ ನೋಡಿದ್ರ ತಿಳೀತದ.

ರೋಜಾ ಇದ್ದೀರೇನು ಅಂತನೂ ಡಾಕ್ಟರ ಕೇಳ್ದ. ಇಲ್ರೀ ಅಂದೆ. ಯಾಕಿರ್ಲಿ? ಗೌಸಿಯಾ ಮೌಲಾನಾ ಕಡಿ ಹೋಗಿ ಕೇಳಿ ಬಂದಾಳ, ಬ್ಯಾನಿ ಇದ್ದವ್ರಿಗೆ ಮಾಫಿ ಅದ, ಬಡವ್ರಿಗೆ ಊಟ ಹಾಕಿದ್ರ ನಡೀತದ ಅಂತ. ತಾನು ಉಪ್ವಾಸ ಇದ್ದು ನನಗ ದಿನಾ ರೊಟ್ಟಿ ಬಡಿದು ಡಬ್ಬಿ ಕಟ್ಟತಾಳ. ಸಂಜಿಗಿ ಡಬ್ಬಿ ಖಾಲಿನೇ ಮನಿಗಿ ಹೋಗ್ತದ. ನಿನ್ನ ಪಂಕ್ಚರ್ ಅಂಗಡಿ ನನ್ನ ಅಂಗಡಿಗಿ ಹಚ್ಚೇ ಅದ, ನೀನೇ ನೋಡೀದಿ…

ನೋಡಿಲ್ಲೇನು?

ಅನ್ನು, ಡಬ್ಬಿ ಖಾಲಿ ಹೋಗ್ತದಿಲ್ಲೊ?

ಧರ್ಮಣ್ಣ… ಅಂಗಡಿ ಮುಂದ ಆ ನಾಯಿ ತಾನೇ ಬಂದು ನಿಂದ್ರತದ. ಅದಕ್ಕೊಂದು ತುಣಕು ಹಾಕಿದ್ರ ಏನಾಯ್ತು? ಒಂದೇ ತುಣಕು…

ಹೊತ್ತು ಮುಳಗ್ತು, ಅಜಾನ್ ಆತು.

ನನ್ನ ಚಾ ಯಾಕ ಆಕಡಿ ಸರಸಾಕತ್ತಿ? ನೀರು… ಖರ್ಜೂರ? ಇದನ್ನ ಯಾವಾಗ ಕಿಸೆದಾಗ ಹಾಕ್ಕೊಂಡು ಬಂದಿದ್ದಿ? ನಿನ್ನ ಚಾನೂ ಹಂಗೇ ಅದಲ್ಲೋ, ಕೆನಿ ಕಟ್ಟಿ ಕುಂತದ. ಮುಂಜಾನಿಯಿಂದ ನೀನೂ ಏನೂ ಮುಟ್ಟಿಲ್ಲೇನು? ನನ್ನ ಸಲುವಾಗಿ?

ಮೊದಲನೇ ದಿನ ಉಣ್ಣಾಕಂತನೇ ಕುಂತಿದ್ದೆ, ಖರೆ ಹೇಳ್ತೇನಿ. ಆಕಿ ಹಸಗೊಂಡು ಬಡಿದ ರೊಟ್ಟಿ ಗಂಟಲದಾಗ ಇಳೀಲಿಲ್ಲೋ. ಮರುದಿನಾನೂ ಇಳೀಲಿಲ್ಲ. ಇವತ್ತ ಸೋರಿಕಿ ಸಣ್ಣದಾಗ್ಯಾದ ಅಂದಾಗ… ಅಲ್ಲಾ ನನ್ನ ರೋಜಾ ಒಪ್ಕೊಂಡ ಅಂತ ತಿಳ್ಕೊಂಡೆ.

ಬೈತಿದ್ರ ಬೈ.

ತಾ, ಆ ನೀರು ತಾ. ನಾಳೆ ತುಂಬಿದ ಪೈಪೇ ನೋಡ್ಲಿ ಆ ಡಾಕ್ಟರ. ಗೌಸಿಯಾಗ ಫೋನ್ ನೀ ಹಚ್ಚಿಕೊಡು. ಹೇಳೋದು ನಾನೇ ಹೇಳ್ತೇನಿ.